ಒಂದು ಅಚ್ಚು, ಕೋಟಿ ಚಿಪ್

ಲಗ್ನಪತ್ರಿಕೆ ಮಾಡಿಸಲು ಮುದ್ರಣಾಲಯದ ಮೆಟ್ಟಿಲು ಹತ್ತಿದವರಿಗೆಲ್ಲ ಅರ್ಥಶಾಸ್ತ್ರದ ಒಂದು ಪಾಠ ತಾನಾಗಿಯೇ ಆಗಿರುತ್ತದೆ. ನೂರು ಪತ್ರಿಕೆ ಸಾಕು ಎಂದರೆ ಒಂದೊಂದಕ್ಕೂ ದುಬಾರಿ. ಸಾವಿರ ಬೇಕು ಎಂದರೆ ದರ ಸರ್‍ರನೆ ಇಳಿಯುತ್ತದೆ. ಏಕೆ? ಅಚ್ಚಿನ ಮೊಳೆ ಜೋಡಿಸುವ ಖರ್ಚು, ಗಣಪತಿಯ ಚಿತ್ರಕ್ಕೆ ಬ್ಲಾಕ್ ಮಾಡಿಸುವ ಖರ್ಚು ನೂರಕ್ಕೂ ಅಷ್ಟೆ, ಸಾವಿರಕ್ಕೂ ಅಷ್ಟೆ. ಮೊಳೆಯ ಕಾಲ ಹೋಗಿ ಆಫ್‌ಸೆಟ್ ಬಂದ ಮೇಲೂ ಈ ಲೆಕ್ಕ ಬದಲಾಗಲಿಲ್ಲ. ಬ್ಲಾಕಿನ ಜಾಗದಲ್ಲಿ ಪ್ಲೇಟ್ ಬಂತು, ಅಷ್ಟೆ.

ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ, ಕಾರಿನಲ್ಲಿ, ಬಟ್ಟೆ ಒಗೆಯುವ ಯಂತ್ರದಲ್ಲಿ ಕುಳಿತಿರುವ ಸಿಲಿಕಾನ್ ಚಿಪ್ಪಿನ ವ್ಯಾಪಾರವೂ ಬುಡದಲ್ಲಿ ಇದೇ ಲೆಕ್ಕದ ಮೇಲೆ ನಿಂತಿದೆ. ಅಲ್ಲಿಯ ಬ್ಲಾಕಿಗೆ ಫೋಟೋಮಾಸ್ಕ್ ಎಂದು ಹೆಸರು. ಚಿಪ್ ತಯಾರಿಸುವ ಕಂಪನಿಗಳ ಹೆಸರು ಎಲ್ಲರಿಗೂ ಗೊತ್ತು. ಆದರೆ ಮಾಸ್ಕ್ ಮಾಡಿಕೊಡುವ ಕಂಪನಿಗಳ ಹೆಸರು ಆ ಉದ್ಯಮದ ಹೊರಗೆ ಯಾರ ಕಿವಿಗೂ ಬೀಳುವುದಿಲ್ಲ. ಉದ್ಯಮ ಉಬ್ಬಿದಾಗ ಏನಾಗುತ್ತದೆ, ಕುಸಿದಾಗ ಏನಾಗುತ್ತದೆ ಎಂಬುದನ್ನು ತಿಳಿಯಲು ಮಾತ್ರ ಈ ಮರೆಯ ಅಚ್ಚಿನವರನ್ನು ನೋಡುವುದೇ ಒಳ್ಳೆಯದು.

ಗಾಜಿನ ಮೇಲೆ ನಕ್ಷೆ

ಮಾಸ್ಕ್ ನೋಡಲು ಸರಳ. ಆರು ಅಂಗುಲ ಉದ್ದ, ಆರು ಅಂಗುಲ ಅಗಲ, ಕಾಲು ಅಂಗುಲ ದಪ್ಪದ, ಅತ್ಯಂತ ಶುದ್ಧವಾದ ಕ್ವಾರ್ಟ್ಸ್ ಗಾಜಿನ ಫಲಕ. ಅದರ ಒಂದು ಮುಖಕ್ಕೆ ಕ್ರೋಮಿಯಂ ಲೋಹದ ತೆಳುವಾದ ಲೇಪ. ಎಲೆಕ್ಟ್ರಾನ್ ಕಿರಣದಿಂದ ನಕ್ಷೆ ಬರೆದು, ಬೇಡದ ಕಡೆ ಕ್ರೋಮಿಯಂ ಕಿತ್ತುಹಾಕುತ್ತಾರೆ. ಲೇಪ ಇರುವಲ್ಲಿ ಬೆಳಕು ನಿಲ್ಲುತ್ತದೆ, ಇಲ್ಲದಲ್ಲಿ ಹಾದುಹೋಗುತ್ತದೆ. ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ನೆಗೆಟಿವ್ ಇಟ್ಟು ಪ್ರಿಂಟ್ ಹಾಕುತ್ತಿದ್ದರಲ್ಲ, ಹಾಗೆಯೇ. ವ್ಯತ್ಯಾಸ ಇಷ್ಟೆ: ಸ್ಟುಡಿಯೋದಲ್ಲಿ ಚಿಕ್ಕ ನೆಗೆಟಿವಿನಿಂದ ದೊಡ್ಡ ಚಿತ್ರ, ಇಲ್ಲಿ ದೊಡ್ಡ ಮಾಸ್ಕಿನಿಂದ ಚಿಕ್ಕ ಚಿತ್ರ. ಮಸೂರಗಳ ಸಾಲು ಮಾಸ್ಕಿನ ನಕ್ಷೆಯನ್ನು ನಾಲ್ಕು ಪಟ್ಟು ಕುಗ್ಗಿಸಿ ಸಿಲಿಕಾನ್ ಬಿಲ್ಲೆಯ ಮೇಲೆ ಮೂಡಿಸುತ್ತದೆ. ಬಿಲ್ಲೆಗೆ ಮೊದಲೇ ಬೆಳಕು ಕಂಡರೆ ಗುಣ ಬದಲಿಸುವ ರಾಸಾಯನಿಕ ಬಳಿದಿರುತ್ತಾರೆ. ಬೆಳಕು ಬಿದ್ದ ಕಡೆ ಒಂದು ಪರಿಣಾಮ, ಬೀಳದ ಕಡೆ ಇನ್ನೊಂದು. ಹೀಗೆ ಒಂದು ಪದರ ಮುಗಿಯುತ್ತದೆ.

ಒಂದು ಪದರದಿಂದ ಚಿಪ್ ಆಗುವುದಿಲ್ಲ. ಮನೆಗೆ ಪಾಯ, ಗೋಡೆ, ಸೂರು, ವಿದ್ಯುತ್ ತಂತಿ ಎಲ್ಲವೂ ಬೇಕಾದಂತೆ ಚಿಪ್ಪಿಗೂ ಪದರದ ಮೇಲೆ ಪದರ ಬೇಕು. ಬಹುತೇಕ ಪ್ರತಿ ಪದರಕ್ಕೂ ಬೇರೆ ಮಾಸ್ಕ್. 2001ರ ಹೊತ್ತಿನ ಮುಂದುವರಿದ ಚಿಪ್ಪಿಗೆ ಇಪ್ಪತ್ತೈದು ಮೂವತ್ತು ಮಾಸ್ಕ್‌ಗಳು ಬೇಕಾಗುತ್ತಿದ್ದವು. ಇಂದಿನ ಅತಿ ಸೂಕ್ಷ್ಮ ಚಿಪ್‌ಗಳಲ್ಲಿ ಆ ಸಂಖ್ಯೆ ಅರವತ್ತನ್ನೂ ದಾಟುತ್ತದೆ. ಒಂದು ಜಟಿಲ ಮಾಸ್ಕನ್ನು ಎಲೆಕ್ಟ್ರಾನ್ ಕಿರಣದಿಂದ ಬರೆದು ಮುಗಿಸಲು ಹತ್ತಾರು ಗಂಟೆ ಹಿಡಿಯುವುದುಂಟು.

ಬರೆದರೆ ಮುಗಿಯಲಿಲ್ಲ. ಮಾಸ್ಕಿನಲ್ಲಿ ಒಂದೇ ಒಂದು ದೋಷ ಉಳಿದರೆ ಅದು ಆ ಮಾಸ್ಕಿನಿಂದ ಮೂಡುವ ಪ್ರತಿ ಚಿಪ್ಪಿಗೂ ಹೋಗುತ್ತದೆ. ಪತ್ರಿಕೆಯಲ್ಲಿ ಮದುಮಗನ ಹೆಸರು ತಪ್ಪಿದರೆ ಸಾವಿರ ಪತ್ರಿಕೆಯಲ್ಲೂ ತಪ್ಪಿದ ಹಾಗೆ. ಆದ್ದರಿಂದ ಮಾಸ್ಕ್‌ಗಳನ್ನು ವಿಶೇಷ ಯಂತ್ರಗಳಲ್ಲಿ ಇಂಚಿಂಚೂ ಪರೀಕ್ಷಿಸುತ್ತಾರೆ, ದೋಷ ಕಂಡರೆ ದುರಸ್ತಿ ಮಾಡುತ್ತಾರೆ, ಕೊನೆಗೆ ಧೂಳು ಕೂರದಂತೆ ಪಾರದರ್ಶಕ ಪೊರೆಯೊಂದನ್ನು ಮೇಲೆ ಬಿಗಿಯುತ್ತಾರೆ. ಬರೆಯುವ ಯಂತ್ರ, ಪರೀಕ್ಷಿಸುವ ಯಂತ್ರ ಎರಡರ ಬೆಲೆಯೂ ಕೋಟಿ ಡಾಲರ್‌ಗಳ ಲೆಕ್ಕದಲ್ಲಿ.

ಈಗ ಲಗ್ನಪತ್ರಿಕೆಯ ಲೆಕ್ಕಕ್ಕೆ ಬರೋಣ. 90 ನ್ಯಾನೋಮೀಟರ್ ತಂತ್ರಜ್ಞಾನ ಬಂದಾಗ ಒಂದು ಚಿಪ್ಪಿನ ಪೂರ್ತಿ ಮಾಸ್ಕ್ ಕಂತೆಗೆ ಸುಮಾರು 10 ಲಕ್ಷ ಡಾಲರ್ ಎಂದು ಉದ್ಯಮದವರು ಹೇಳುತ್ತಿದ್ದರು. ಆ ಚಿಪ್ 1 ಕೋಟಿ ಮಾರಾಟವಾದರೆ ಒಂದೊಂದರ ಮೇಲೆ ಬೀಳುವ ಮಾಸ್ಕ್ ಖರ್ಚು 10 ಸೆಂಟ್. 1 ಲಕ್ಷ ಮಾತ್ರ ಮಾರಾಟವಾದರೆ 10 ಡಾಲರ್! ಕೋಟಿಗಟ್ಟಲೆ ಮಾರುವವನಿಗೆ ಮಾಸ್ಕ್ ಲೆಕ್ಕಕ್ಕೇ ಇಲ್ಲ. ಚಿಕ್ಕ ಗಿರಾಕಿಗೆ ಅದೇ ಕುತ್ತಿಗೆಗೆ ಉರುಳು.

ಹಗಲಿರುಳೂ ನಡೆಯಬೇಕಾದ ಕಾರ್ಖಾನೆ

ಮಾಸ್ಕಿನ ಪಾಡು ತಿಳಿಯಬೇಕಾದರೆ ಅದನ್ನು ಕೊಳ್ಳುವ ಚಿಪ್ ಕಾರ್ಖಾನೆಯ ಪಾಡೂ ತಿಳಿದಿರಬೇಕು. 2001ರ ವೇಳೆಗೆ 12 ಅಂಗುಲದ ಬಿಲ್ಲೆ ಬಳಸುವ ಹೊಸ ಕಾರ್ಖಾನೆಗೆ 200ರಿಂದ 300 ಕೋಟಿ ಡಾಲರ್ ಬೇಕಾಗುತ್ತಿತ್ತು. ಇಂದು ಅತ್ಯಾಧುನಿಕ ಕಾರ್ಖಾನೆಗೆ 1,000 ಕೋಟಿ ಡಾಲರ್ ಸಾಲುವುದಿಲ್ಲ. ಇದರಲ್ಲಿ ಕಟ್ಟಡಕ್ಕಿಂತ ಯಂತ್ರಗಳ ಪಾಲೇ ಬಹಳ ಹೆಚ್ಚು. ಆ ಯಂತ್ರಗಳೋ, ಐದಾರು ವರ್ಷಕ್ಕೆ ಹಳೆಯವಾಗುತ್ತವೆ.

300 ಕೋಟಿ ಡಾಲರಿನ ಕಾರ್ಖಾನೆಯನ್ನು ಐದು ವರ್ಷದಲ್ಲಿ ಸವಕಳಿಗೆ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 60 ಕೋಟಿ. ದಿನಕ್ಕೆ 16 ಲಕ್ಷ ಡಾಲರಿಗೂ ಹೆಚ್ಚು. ಕೆಲಸ ನಡೆಯಲಿ, ನಡೆಯದಿರಲಿ, ಹಬ್ಬ ಇರಲಿ, ಹುಣ್ಣಿಮೆ ಇರಲಿ, ಈ ಖರ್ಚು ನಿಲ್ಲದು. ಆದ್ದರಿಂದಲೇ ಚಿಪ್ ಕಾರ್ಖಾನೆಗಳು ರಾತ್ರಿ ಹಗಲು ನಡೆಯುತ್ತವೆ. ಆದ್ದರಿಂದಲೇ ಬೆಲೆ ಬಿದ್ದಾಗಲೂ ಉತ್ಪಾದನೆ ನಿಲ್ಲಿಸುವುದಿಲ್ಲ. ಸಿಲಿಕಾನ್, ರಾಸಾಯನಿಕ, ವಿದ್ಯುತ್ತಿನ ಖರ್ಚು ಹುಟ್ಟಿ ಒಂದಿಷ್ಟು ಮಿಕ್ಕಿದರೂ ಸಾಕು, ಸುಮ್ಮನೆ ಕೂರುವುದಕ್ಕಿಂತ ಮಾರುವುದೇ ಮೇಲು ಎಂದುಕೊಳ್ಳುತ್ತಾರೆ. ಒಬ್ಬನಿಗೆ ಇದು ಜಾಣತನ. ಎಲ್ಲರೂ ಹೀಗೇ ಯೋಚಿಸಿದರೆ? ಮಾರುಕಟ್ಟೆ ತುಂಬಿ ತುಳುಕುತ್ತದೆ, ಬೆಲೆ ಇನ್ನಷ್ಟು ನೆಲ ಕಚ್ಚುತ್ತದೆ.

ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಕಾರ್ಖಾನೆ ಕಟ್ಟಿ, ಯಂತ್ರ ಕೂರಿಸಿ, ಮೊದಲ ಚಿಪ್ ಹೊರಬರಲು ಎರಡು ಮೂರು ವರ್ಷ ಬೇಕು. ಬೆಲೆ ಏರಿದ ವರ್ಷ ಎಲ್ಲರೂ ಒಟ್ಟಿಗೆ ಕಟ್ಟಲು ಶುರು ಮಾಡುತ್ತಾರೆ. ಎಲ್ಲವೂ ಒಟ್ಟಿಗೆ ಮುಗಿಯುತ್ತವೆ. ಅಷ್ಟರಲ್ಲಿ ಬೇಡಿಕೆಯ ಬಿಸಿ ಆರಿರುತ್ತದೆ. ಈರುಳ್ಳಿಗೆ ಬೆಲೆ ಬಂತೆಂದು ಊರಿಗೆ ಊರೇ ಈರುಳ್ಳಿ ಹಾಕಿದ ಮರುವರ್ಷದ ಸಂತೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2001ರ ಏಟು

ಈ ಚಕ್ರದ ಅತಿ ದೊಡ್ಡ ಏಟು ಬಿದ್ದದ್ದು 2001ರಲ್ಲಿ. 2000ದಲ್ಲಿ ಜಗತ್ತಿನ ಒಟ್ಟು ಚಿಪ್ ಮಾರಾಟ ಸುಮಾರು 20,400 ಕೋಟಿ ಡಾಲರ್ ಇತ್ತು. ಮರುವರ್ಷ ಸುಮಾರು 13,900 ಕೋಟಿಗೆ ಇಳಿಯಿತು. ಒಂದೇ ವರ್ಷದಲ್ಲಿ ಶೇಕಡಾ 32ರಷ್ಟು ಕುಸಿತ!

ಅದಕ್ಕೂ ಮೊದಲ ಎರಡು ವರ್ಷ ಇಂಟರ್‌ನೆಟ್ ಮತ್ತು ದೂರಸಂಪರ್ಕದ ಕಂಪನಿಗಳು ನಾಳೆಯೇ ಲೋಕವೆಲ್ಲ ತಂತಿಯಲ್ಲಿ ಬೆಸೆದುಕೊಳ್ಳುತ್ತದೆ ಎಂಬ ಹುಮ್ಮಸ್ಸಿನಲ್ಲಿ ಉಪಕರಣ ಕೊಂಡವು. ಚಿಪ್‌ಗಳಿಗೆ ಅಭಾವ ಬಂತು. ಅಭಾವ ಬಂದಾಗ ಕೊಳ್ಳುವವರು ಏನು ಮಾಡುತ್ತಾರೆ? ನೂರು ಬೇಕಾದಲ್ಲಿ ಇಬ್ಬರು ವ್ಯಾಪಾರಿಗಳ ಬಳಿ ನೂರು ನೂರು ಹೇಳಿಡುತ್ತಾರೆ. ಯಾರು ಮೊದಲು ಕೊಟ್ಟರೆ ಅವರದು ಇರಲಿ ಎಂದು. ತಯಾರಕರಿಗೆ ಮಾತ್ರ ಬೇಡಿಕೆ ಎರಡರಷ್ಟಾದಂತೆ ಕಾಣುತ್ತದೆ. ಹುಮ್ಮಸ್ಸು ಇಳಿದ ದಿನ ಈ ಸುಳ್ಳು ಬೇಡಿಕೆ ಮಂಜಿನಂತೆ ಕರಗಿತು. ದಾಸ್ತಾನು ಮಾತ್ರ ಉಳಿಯಿತು. ಅಮೆರಿಕದ ಸಿಸ್ಕೋ ಕಂಪನಿಯೊಂದೇ 2001ರಲ್ಲಿ 200 ಕೋಟಿ ಡಾಲರಿಗೂ ಹೆಚ್ಚಿನ ದಾಸ್ತಾನನ್ನು ನಷ್ಟವೆಂದು ಲೆಕ್ಕದಿಂದ ತೆಗೆದುಹಾಕಬೇಕಾಯಿತು.

ಕಂಪ್ಯೂಟರಿನ ನೆನಪಿಗೆ ಬಳಸುವ ಡಿರ್‍ಯಾಮ್ ಚಿಪ್‌ಗಳ ಪಾಡು ಇನ್ನೂ ಕೆಟ್ಟದಾಯಿತು. ಅವುಗಳ ಒಟ್ಟು ಮಾರಾಟದ ಮೊತ್ತ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಜಪಾನಿನ ತೋಷಿಬಾ ಅದೇ ಡಿಸೆಂಬರಿನಲ್ಲಿ ಸಾಮಾನ್ಯ ಡಿರ್‍ಯಾಮ್ ವ್ಯಾಪಾರದಿಂದ ಹೊರಬರುವುದಾಗಿ ಸಾರಿ, ಅಮೆರಿಕದ ವರ್ಜೀನಿಯಾದಲ್ಲಿದ್ದ ತನ್ನ ಕಾರ್ಖಾನೆಯನ್ನು ಮೈಕ್ರಾನ್ ಕಂಪನಿಗೆ ಮಾರಿತು. ಕೊರಿಯಾದ ಹೈನಿಕ್ಸ್ ಸಾಲದಲ್ಲಿ ಮುಳುಗಿ, ಸಾಲ ಕೊಟ್ಟ ಬ್ಯಾಂಕುಗಳ ಕೃಪೆಯಿಂದ ಉಸಿರು ಹಿಡಿದುಕೊಂಡಿತು.

ಅಚ್ಚಿನವರ ವಿಚಿತ್ರ ಪಾಡು

ಗಿರಾಕಿಯ ಮನೆ ಹೀಗೆ ಹೊತ್ತಿ ಉರಿಯುವಾಗ ಅಚ್ಚು ಮಾಡಿಕೊಡುವವರ ಮನೆ ಉಳಿದೀತೆ? ವಿಚಿತ್ರವೆಂದರೆ ಮೊದಲಿಗೆ ಉಳಿಯಿತು! ಚಿಪ್ ಮಾರಾಟ ಮೂರನೇ ಒಂದು ಭಾಗ ಕುಸಿದ ವರ್ಷ ಮಾಸ್ಕ್ ಮಾರಾಟ ಅಷ್ಟಾಗಿ ಕುಸಿಯಲಿಲ್ಲ.

ಕಾರಣ ಲಗ್ನಪತ್ರಿಕೆಯ ಲೆಕ್ಕದಲ್ಲೇ ಇದೆ. ಊರಿನಲ್ಲಿ ಜನ ಪತ್ರಿಕೆಯ ಸಂಖ್ಯೆ ಸಾವಿರದಿಂದ ಇನ್ನೂರಕ್ಕೆ ಇಳಿಸಿದರೆ ಕಾಗದದ ವ್ಯಾಪಾರಿಗೆ ನಷ್ಟ. ಬ್ಲಾಕ್ ಮಾಡುವವನಿಗೆ ಅಲ್ಲ. ಅವನ ಸಂಪಾದನೆ ಪತ್ರಿಕೆಗಳ ಸಂಖ್ಯೆಯನ್ನು ಅವಲಂಬಿಸಿಲ್ಲ. ಮದುವೆಗಳ ಸಂಖ್ಯೆಯನ್ನು ಅವಲಂಬಿಸಿದೆ. ಹಾಗೆಯೇ ಸಿಲಿಕಾನ್ ಬಿಲ್ಲೆ ಮಾರುವವನ ಭಾಗ್ಯ ಎಷ್ಟು ಚಿಪ್ ತಯಾರಾದವು ಎಂಬುದರ ಮೇಲಿದ್ದರೆ, ಮಾಸ್ಕ್ ಮಾಡುವವನ ಭಾಗ್ಯ ಎಷ್ಟು ಹೊಸ ವಿನ್ಯಾಸಗಳು ಬಂದವು ಎಂಬುದರ ಮೇಲಿದೆ. ಮಾರುಕಟ್ಟೆ ಬಿದ್ದಾಗ ಕಂಪನಿಗಳು ಹಳೆಯ ಚಿಪ್ಪಿನ ಉತ್ಪಾದನೆ ತಗ್ಗಿಸುತ್ತವೆ. ಆದರೆ ಮುಂದಿನ ಚಿಪ್ಪಿನ ವಿನ್ಯಾಸ ಕೈಬಿಡುವುದಿಲ್ಲ. ಬಿಟ್ಟರೆ ಮಾರುಕಟ್ಟೆ ಎದ್ದು ನಿಂತ ದಿನ ಮಾರಲು ಸರಕೇ ಇರುವುದಿಲ್ಲ.

ಇಷ್ಟೇ ಆಗಿದ್ದರೆ ಮಾಸ್ಕ್ ಕಂಪನಿಗಳ ಕತೆ ಸುಖಾಂತವಾಗುತ್ತಿತ್ತು. ಆದರೆ ಹಿಂಜರಿತ ಒಂದು ವರ್ಷಕ್ಕೆ ಮುಗಿಯಲಿಲ್ಲ. ಹೊಸ ವಿನ್ಯಾಸಗಳನ್ನು ತರುತ್ತಿದ್ದ ಚಿಕ್ಕ ಕಂಪನಿಗಳು, ಅದರಲ್ಲೂ ದೂರಸಂಪರ್ಕದ ಚಿಪ್ ಮಾಡಲು ಹೊರಟವರು, ಬಂಡವಾಳ ಬತ್ತಿ ಒಂದೊಂದಾಗಿ ಬಾಗಿಲು ಹಾಕಿದರು. ಉಳಿದ ದೊಡ್ಡ ಗಿರಾಕಿಗಳು ದರ ಇಳಿಸಿ ಎಂದು ಪಟ್ಟು ಹಿಡಿದರು. ಇನ್ನು ಕೆಲವು ದೊಡ್ಡ ಚಿಪ್ ಕಂಪನಿಗಳಿಗೆ ತಮ್ಮದೇ ಸ್ವಂತ ಮಾಸ್ಕ್ ಘಟಕಗಳಿದ್ದವು. ಇಂಟೆಲ್, ಸ್ಯಾಮ್ಸಂಗ್, ತೈವಾನಿನ ಟಿಎಸ್‌ಎಂಸಿ ಇಂದಿಗೂ ಹಾಗೆಯೇ. ಮನೆಯಲ್ಲೇ ಒಲೆ ಇರುವವರು ಕಷ್ಟಕಾಲದಲ್ಲಿ ಹೋಟೆಲಿಗೆ ಹೋಗುವುದನ್ನು ಕಡಿಮೆ ಮಾಡುವುದು ಸಹಜ ತಾನೆ?

ಇತ್ತ ಖರ್ಚು ಮಾತ್ರ ಏರುತ್ತಲೇ ಇತ್ತು. ಚಿಪ್ಪಿನ ಗೆರೆ ಸಣ್ಣದಾದಷ್ಟೂ ಮಾಸ್ಕಿನ ನಕ್ಷೆ ಜಟಿಲವಾಗುತ್ತದೆ. ಬಳಸುವ ಬೆಳಕಿನ ತರಂಗಕ್ಕಿಂತ ಚಿಪ್ಪಿನ ಗೆರೆಯೇ ಸಣ್ಣದಾದ ಮೇಲೆ, ಬೆಳಕು ಎಲ್ಲಿ ಹೇಗೆ ಬಳುಕುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ನಕ್ಷೆಯ ಮೂಲೆ ಮೂಲೆಗೂ ತಿದ್ದುಪಡಿ ಬರೆಯಬೇಕಾಯಿತು. ಅದಕ್ಕೆ ಹೊಸ ಯಂತ್ರ. ಕೊಂಡರೆ ಸಾಲ, ಕೊಳ್ಳದಿದ್ದರೆ ಮುಂದಿನ ಪೀಳಿಗೆಯ ಗಿರಾಕಿಯೇ ಇಲ್ಲ. ಏಟು ತಡವಾಗಿ ಬಿತ್ತು, ಆದರೆ ಬಲವಾಗಿಯೇ ಬಿತ್ತು. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 1969ರಲ್ಲಿ ಹುಟ್ಟಿದ ಫೋಟ್ರಾನಿಕ್ಸ್ ತನ್ನ ಕೆಲವು ಘಟಕಗಳನ್ನು ಮುಚ್ಚಿ ಕೆಲಸಗಾರರನ್ನು ಕಡಿಮೆ ಮಾಡಿತು. ಟೆಕ್ಸಾಸಿನ ಡುಪಾಂಟ್ ಫೋಟೋಮಾಸ್ಕ್ಸ್ ಬೇರೆ ದಾರಿ ಹುಡುಕಿತು. 2002ರಲ್ಲಿ ಎಎಂಡಿ ಮತ್ತು ಇನ್‌ಫೀನಿಯಾನ್ ಎಂಬ ಇಬ್ಬರು ಗಿರಾಕಿಗಳ ಜತೆ ಸೇರಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಪಾಲುದಾರಿಕೆಯ ಮಾಸ್ಕ್ ಕೇಂದ್ರ ಸ್ಥಾಪಿಸಿತು. ಒಬ್ಬರಿಗೆ ಹೊರಲಾಗದ ಖರ್ಚನ್ನು ಮೂವರು ಹಂಚಿಕೊಳ್ಳುವ ಉಪಾಯ. ಕೊನೆಗೆ 2005ರಲ್ಲಿ ಡುಪಾಂಟ್ ಫೋಟೋಮಾಸ್ಕ್ಸ್ ಕಂಪನಿಯನ್ನೇ ಜಪಾನಿನ ತೋಪ್ಪಾನ್ ಕೊಂಡುಕೊಂಡಿತು. ಈ ತೋಪ್ಪಾನ್ ಮೂಲತಃ ಒಂದು ಮುದ್ರಣ ಕಂಪನಿ ಎಂಬುದು ಗಮನಿಸಬೇಕಾದ ಸಂಗತಿ. ಮಾಸ್ಕ್ ಉದ್ಯಮದ ಇನ್ನೊಂದು ದೊಡ್ಡ ಹೆಸರಾದ ದಾಯ್ ನಿಪ್ಪಾನ್ ಕೂಡ ಮುದ್ರಣದವರದೇ. ಅಚ್ಚಿನ ಮನೆಯ ವಿದ್ಯೆ ಚಿಪ್ಪಿನ ಮನೆಗೆ ಬಂದದ್ದು ಹೀಗೆ.

ಇಪ್ಪತ್ತು ವರ್ಷದ ಮೇಲೆ ಅದೇ ಪಾಠ ಮತ್ತೆ ಬಂತು. 2022ರಲ್ಲಿ 57,400 ಕೋಟಿ ಡಾಲರ್ ಇದ್ದ ಚಿಪ್ ಮಾರಾಟ 2023ರಲ್ಲಿ 52,700 ಕೋಟಿಗೆ ಇಳಿಯಿತು. ಅದೇ ಅವಧಿಯಲ್ಲಿ ಫೋಟ್ರಾನಿಕ್ಸ್ ಮಾರಾಟ ಸುಮಾರು 82 ಕೋಟಿ ಡಾಲರಿನಿಂದ 89 ಕೋಟಿಗೆ ಏರಿತು. ಚಿಪ್ ಕಡಿಮೆ ಮಾರಾಟವಾದರೂ ಹೊಸ ವಿನ್ಯಾಸಗಳು ಬರುತ್ತಲೇ ಇದ್ದವು.

ಬಿದ್ದಾಗ ಬಿತ್ತಿದವರು

ಕುಸಿತದ ಕಾಲದಲ್ಲಿ ಎರಡು ಬಗೆಯ ಜನ ಕಾಣುತ್ತಾರೆ. ಒಬ್ಬರು ಎಲ್ಲ ಖರ್ಚಿಗೂ ಕತ್ತರಿ ಹಾಕಿ ಮಳೆ ನಿಲ್ಲಲಿ ಎಂದು ಕಾಯುವವರು. ಇನ್ನೊಬ್ಬರು ಮಳೆಯಲ್ಲೇ ಉಳುವವರು. ತೈವಾನಿನ ಟಿಎಸ್‌ಎಂಸಿ ಇದಕ್ಕೆ ಒಳ್ಳೆಯ ಉದಾಹರಣೆ. 2008ರ ಆರ್ಥಿಕ ಬಿಕ್ಕಟ್ಟಿನಲ್ಲಿ ಬೇಡಿಕೆ ಬಿದ್ದಾಗ ಆ ಕಂಪನಿಯೂ ಜನರನ್ನು ಕೆಲಸದಿಂದ ತೆಗೆಯಿತು. 2009ರ ಜೂನ್‌ನಲ್ಲಿ ಸಂಸ್ಥಾಪಕ ಮೋರಿಸ್ ಚಾಂಗ್ 77ರ ವಯಸ್ಸಿನಲ್ಲಿ ಮತ್ತೆ ಮುಖ್ಯಸ್ಥರಾಗಿ ಬಂದು ಕುಳಿತರು. ಕೆಲಸ ಕಳೆದುಕೊಂಡವರನ್ನು ವಾಪಸು ಕರೆದರು. ಬಂಡವಾಳ ಹೂಡಿಕೆಯನ್ನು ತಗ್ಗಿಸುವ ಬದಲು ಏರಿಸಿದರು. 2010ರಲ್ಲಿ ಅದು ಸುಮಾರು 590 ಕೋಟಿ ಡಾಲರ್ ಮುಟ್ಟಿತು. ಸ್ಮಾರ್ಟ್‌ಫೋನುಗಳ ಕಾಲ ಬಂದು ಎಲ್ಲರಿಗೂ ಚಿಪ್ ಬೇಕಾದಾಗ ಕಾರ್ಖಾನೆ ಸಿದ್ಧವಿತ್ತು.

ಹಾಗೆಂದು ಧೈರ್ಯ ಮಾಡಿದವರೆಲ್ಲ ಗೆದ್ದರು ಎನ್ನುವಂತಿಲ್ಲ. ಜರ್ಮನಿಯ ಕಿಮೊಂಡಾ 2009ರಲ್ಲಿ, ಜಪಾನಿನ ಎಲ್ಪಿಡಾ 2012ರಲ್ಲಿ ದಿವಾಳಿಯಾದವು. ಎರಡೂ ಡಿರ್‍ಯಾಮ್ ಕಂಪನಿಗಳೇ. ಇತ್ತ, ಸಾಯುವ ಸ್ಥಿತಿಯಲ್ಲಿದ್ದ ಹೈನಿಕ್ಸ್ 2012ರಲ್ಲಿ ಎಸ್‌ಕೆ ಸಮೂಹಕ್ಕೆ ಸೇರಿ, ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ಬೇಕಾದ ಮೆಮೊರಿ ಚಿಪ್‌ಗಳಲ್ಲಿ ಜಗತ್ತಿನ ಮುಂಚೂಣಿಗೆ ಬಂತು. ಬಿತ್ತುವ ಧೈರ್ಯದ ಜತೆಗೆ ಬರಗಾಲ ದಾಟುವಷ್ಟು ಕಣಜದಲ್ಲಿ ಕಾಳೂ ಇರಬೇಕು. ಸಾಲ ತಂದು ಬಿತ್ತಿದವನಿಗೆ ಕಾಯುವ ಶಕ್ತಿ ಇರುವುದಿಲ್ಲ.

ಚಿಕ್ಕವರೂ ದಾರಿ ಕಂಡುಕೊಂಡರು. ನಾಲ್ಕು ಮದುವೆಯವರು ಸೇರಿ ಒಂದೇ ಪ್ಲೇಟಿನಲ್ಲಿ ನಾಲ್ಕು ಪತ್ರಿಕೆ ಅಚ್ಚು ಹಾಕಿಸಿದಂತೆ, ಹಲವರ ವಿನ್ಯಾಸಗಳನ್ನು ಒಂದೇ ಮಾಸ್ಕ್ ಕಂತೆಯಲ್ಲಿ ಕೂರಿಸಿ ಖರ್ಚು ಹಂಚಿಕೊಳ್ಳುವ ಪದ್ಧತಿ ಇದೆ. ಅಮೆರಿಕದಲ್ಲಿ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಇಂಥ ಸೌಲಭ್ಯವನ್ನು ಮೋಸಿಸ್ ಎಂಬ ಯೋಜನೆ 1981ರಲ್ಲೇ ಆರಂಭಿಸಿತು. ಭಾರತದಲ್ಲಿ ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿ ತನ್ನ 180 ನ್ಯಾನೋಮೀಟರ್ ಘಟಕದಲ್ಲಿ ವಿದ್ಯಾರ್ಥಿಗಳ ವಿನ್ಯಾಸಗಳನ್ನು ಹೀಗೆ ಚಿಪ್ ಮಾಡಿಕೊಡುತ್ತದೆ. ಇನ್ನು ಕೆಲವರು ಮಾಸ್ಕಿನ ಗೋಜೇ ಬೇಡವೆಂದು, ಕೊಂಡ ಮೇಲೆ ಬೇಕಾದಂತೆ ಹೊಂದಿಸಿಕೊಳ್ಳಬಹುದಾದ ಎಫ್‌ಪಿಜಿಎ ಚಿಪ್‌ಗಳನ್ನು ಬಳಸುತ್ತಾರೆ.

ನಾಲ್ಕು ವರ್ಷ ಮುಂದಿನ ಬೆಳೆ

ಈ ಕತೆ ದೂರದ ದೇಶಗಳ ಕಂಪನಿಗಳದ್ದಾದರೂ ಕರ್ನಾಟಕದ ಮನೆಗಳಿಗೆ ಹತ್ತಿರವಾದದ್ದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದ ಮೇಲೆ ಚಿಪ್ ವಿನ್ಯಾಸ ಈ ನಗರದ ಕಸುಬಾಗಿದೆ. ಇಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಮುಗಿದ ನಕ್ಷೆ ಹೊರದೇಶಕ್ಕೆ ಹೋಗಿ ಮಾಸ್ಕ್ ಆಗುತ್ತದೆ. 2024ರ ಫೆಬ್ರುವರಿಯಲ್ಲಿ ಗುಜರಾತಿನ ಧೋಲೇರಾದಲ್ಲಿ ಟಾಟಾ ಸಂಸ್ಥೆ ಮತ್ತು ತೈವಾನಿನ ಪಿಎಸ್‌ಎಂಸಿ ಸೇರಿ ಕಟ್ಟುವ 91,000 ಕೋಟಿ ರೂಪಾಯಿಯ ಚಿಪ್ ಕಾರ್ಖಾನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಸಹಜವಾಗಿಯೇ ಸಿಇಟಿ ಸೀಟು ಹಂಚಿಕೆಯ ಸಮಯದಲ್ಲಿ ‘ಈಗ ಯಾವುದಕ್ಕೆ ಬೇಡಿಕೆ?’ ಎಂಬ ಪ್ರಶ್ನೆ ಮನೆ ಮನೆಯಲ್ಲಿ ಏಳುತ್ತದೆ.

ಪ್ರಶ್ನೆಯಲ್ಲೇ ಸ್ವಲ್ಪ ಎಡವಟ್ಟಿದೆ. ಎಂಜಿನಿಯರಿಂಗ್ ಓದು ನಾಲ್ಕು ವರ್ಷದ್ದು. ಚಿಪ್ ಕಾರ್ಖಾನೆಯಂತೆ ಅದೂ ಇಂದು ಹೂಡಿ ಮುಂದೆ ಫಲ ಕಾಯುವ ವ್ಯವಹಾರ. 1997ರಲ್ಲಿ ಕಾಲೇಜು ಸೇರಿದವರು ಎಲ್ಲೆಡೆ ಕಂಪ್ಯೂಟರಿನ ಜಯಕಾರ ಕೇಳುತ್ತಾ ಓದಿದರು. ಪದವಿ ಹಿಡಿದು ಹೊರಬಂದದ್ದು 2001ರ ಬಿರುಗಾಳಿಗೆ. ಕೆಲಸದ ಪತ್ರ ಕೈಯಲ್ಲಿದ್ದೂ ಸೇರುವ ದಿನಾಂಕಕ್ಕಾಗಿ ತಿಂಗಳುಗಟ್ಟಲೆ ಕಾದವರು ಅವರಲ್ಲಿದ್ದರು. ಆ ಏಟಿಗೆ ಹೆದರಿ ಎಲೆಕ್ಟ್ರಾನಿಕ್ಸ್ ಬೇಡ, ಕಂಪ್ಯೂಟರ್ ಬೇಡ ಎಂದು ಅದೇ ವರ್ಷ ಬೇರೆ ದಾರಿ ಹಿಡಿದವರು, 2005ರಲ್ಲಿ ಕಂಪನಿಗಳು ಮತ್ತೆ ಕಾಲೇಜಿನ ಬಾಗಿಲಿಗೆ ಬಂದು ನಿಂತದ್ದನ್ನು ನೋಡಬೇಕಾಯಿತು. ಇಂದಿನ ಬೆಲೆ ನೋಡಿ ನಾಳೆಯ ಬೆಳೆ ಹಾಕುವ ತಪ್ಪು ಕಂಪನಿಗಳದ್ದು ಮಾತ್ರವಲ್ಲ.

ಹಾಗಾದರೆ ಏನನ್ನು ನೋಡಬೇಕು? ಮಾಸ್ಕಿನ ಕತೆ ಒಂದು ಸುಳಿವು ಕೊಡುತ್ತದೆ. ಚಿಪ್ಪಿನ ಬೆಲೆ ವರ್ಷಕ್ಕೊಮ್ಮೆ ಏರುತ್ತದೆ, ಇಳಿಯುತ್ತದೆ. ಆದರೆ ಹೊಸದೊಂದನ್ನು ವಿನ್ಯಾಸ ಮಾಡುವ ಅಗತ್ಯ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಮಾಸ್ಕ್ ಮಾಡುವ ಕೋಣೆಯಲ್ಲಿ ಬೆಳಕಿನ ಭೌತಶಾಸ್ತ್ರ ಬಲ್ಲವರು, ರಸಾಯನಶಾಸ್ತ್ರ ಬಲ್ಲವರು, ಗಣಿತದಲ್ಲಿ ಗಟ್ಟಿಯಿರುವವರು, ಯಂತ್ರ ಕೈಹಿಡಿದು ನಡೆಸಬಲ್ಲ ಡಿಪ್ಲೊಮಾದವರು ಎಲ್ಲರಿಗೂ ಕೆಲಸವಿದೆ. ‘ಸೆಮಿಕಂಡಕ್ಟರ್’ ಎಂಬ ಫಲಕ ಹಾಕಿಕೊಂಡ ಕೋರ್ಸೇ ಆಗಬೇಕೆಂದಿಲ್ಲ. ಬುಡದ ವಿಷಯ ಗಟ್ಟಿಯಾಗಿ ಕಲಿತವರು ಒಂದು ಬಾಗಿಲು ಮುಚ್ಚಿದರೆ ಪಕ್ಕದ ಬಾಗಿಲು ತಟ್ಟಬಲ್ಲರು. ಬರೀ ಆ ವರ್ಷದ ಬೇಡಿಕೆ ನೋಡಿ ಸೇರಿದವರಿಗೆ ಆ ಅನುಕೂಲ ಇರುವುದಿಲ್ಲ.

ತಂದೆತಾಯಿಗಳಿಗೂ ಒಂದು ಮಾತು ಇದರಲ್ಲಿದೆ. ಕೋರ್ಸಿನ ಶುಲ್ಕಕ್ಕೆಂದು ಮಾಡುವ ಸಾಲವನ್ನು, ಮೊದಲ ಸಂಬಳ ಒಂದು ವರ್ಷ ತಡವಾದರೂ ತಡೆದುಕೊಳ್ಳುವ ಹಾಗೆ ಅಳತೆಯಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ಕುಸಿತ ಮುಗಿದು ಚಿಪ್ ಉದ್ಯಮ ಪ್ರತಿ ಸಲವೂ ಮೇಲೆದ್ದಿದೆ. 2024ರಲ್ಲಿ ಅದರ ಮಾರಾಟ 60,000 ಕೋಟಿ ಡಾಲರ್ ದಾಟಿತು. ಆದರೆ ಎದ್ದು ನಿಲ್ಲುವ ದಿನದವರೆಗೆ ಉಳಿದುಕೊಂಡವರಿಗೆ ಮಾತ್ರ ಅದರ ಫಲ ಸಿಕ್ಕಿತು.